ತೊಯ್ದ ಗೋಣಿಯ ವಾಸನೆ

ಮಾರ್ಚ್ 4, ಮಂಗಳವಾರ

ಆಫೀಸಿನ ಹಿಂದಿನ ಕೋಣೆ. ಆರು ಬಾಟಲಿ, ಆರು ಗ್ಲಾಸು, ಉಗುಳುವ ಬಕೆಟ್. ಬಗ್ಗಿಸಿದೆ, ಆಡಿಸಿದೆ, ಮೂಗಿಟ್ಟೆ, ಬಾಯಿಗೆ ಹಾಕಿಕೊಂಡೆ, ಉಗುಳಿದೆ. ಹುಳಿ ಗೊತ್ತಾಗುತ್ತದೆ. ಒಗರು ಗೊತ್ತಾಗುತ್ತದೆ. ಸಿಹಿ ಇದ್ದರೆ ಸಿಹಿ. ಅದರಾಚೆ ಏನೂ ಇಲ್ಲ. ಆರೂ ಒಂದೇ.

ಜನವರಿ ಕೊನೆಗೆ ಬಂದ ನೆಗಡಿ ವಾರಕ್ಕೆ ಹೋಯಿತು. ಹೋಗುವಾಗ ವಾಸನೆಯನ್ನೂ ಒಯ್ದಿತು. ಇನ್ನೂ ಬಂದಿಲ್ಲ.

ಇವತ್ತಿನ ಆರಕ್ಕೂ ಹಳೆಯ ವರ್ಷದ ನೋಟ್ ನೋಡಿ ಹೊಸದಾಗಿ ಬರೆದೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಬೇಕಿತ್ತು ಅನಿಸಿತು.

ಟ್ರಾಮ್ ಹಿಡಿದು ಬೀಸ್ಟನ್‌ನ ಮನೆಗೆ ಬಂದಾಗ ಕತ್ತಲಾಗಿತ್ತು. ಬಾಗಿಲಲ್ಲೇ ಅತ್ತೆಯ ಪ್ರಶ್ನೆ.

“ಉಗುಳಿದಿ ಹೌದಿಲ್ಲೋ?”

“ಹೂಂ ಅತ್ತಿ.”

ದಿನಾ ಇದೇ. ಮಾವ ಹೋದ ಮೇಲೆ ಅತ್ತೆ ವಿಜಯಪುರದಿಂದ ಇಲ್ಲಿಗೆ ಬಂದಾಗ ನನ್ನ ಕೆಲಸ ಏನೆಂದು ಮುಚ್ಚಿಡದೆ ಹೇಳಿದ್ದೆ. ಫ್ರಾನ್ಸಿನಿಂದ ವೈನ್ ತರಿಸುವ ಕಂಪನಿ. ರುಚಿ ನೋಡಿ, ಯಾವ ಊಟಕ್ಕೆ ಯಾವುದು ಅಂತ ಬರೆಯುವುದು ನನ್ನ ಪಾಲು. ಅತ್ತೆ ಒಂದೇ ಮಾತು ಹೇಳಿದ್ದರು: “ಕೊರಳಾಗ ಲಿಂಗ ಐತಿ. ಅದರ ಕೆಳಗ ಇಳೀಬಾರದು.” ಇಳಿದಿಲ್ಲ. ಏಳು ವರ್ಷದ ನೌಕರಿಯಲ್ಲಿ ಒಂದು ಗುಟುಕೂ ನುಂಗಿಲ್ಲ.

ಮಾರ್ಚ್ 6, ಗುರುವಾರ

ಹೆಲೆನ್ ಮೀಟಿಂಗ್. ಕಂಪನಿ ಅವಳದು, ಅವಳ ಅಪ್ಪ ತನ್ನ ಹೆಸರಿನಲ್ಲಿ ಕಟ್ಟಿದ್ದು. ವಿಷಯ ಒಂದೇ — ಫಾಬ್ರ್ ಅವರ ವೈನು ಲಿಸ್ಟಿನಲ್ಲಿ ಉಳಿಯಬೇಕೋ ಬೇಡವೋ.

ಫಾಬ್ರ್ ಅವರನ್ನು ಹುಡುಕಿ ತಂದವಳು ನಾನು. ನೈರುತ್ಯ ಫ್ರಾನ್ಸಿನ ಗಾಯಾಕ್, ತಾರ್ನ್ ನದಿ ದಂಡೆ. ಸಣ್ಣ ತೋಟ. ಅಲ್ಲಿನ ದ್ರಾಕ್ಷಿಯ ಹೆಸರುಗಳನ್ನು ಇಲ್ಲಿ ಯಾರೂ ಕೇಳಿಲ್ಲ — ಮೋಜಾಕ್, ಲೆನ್ ದ ಲೆಲ್, ದ್ಯುರಾಸ್, ಬ್ರೋಕೋಲ್, ಪ್ರುನೆಲಾರ್. ಕೇಳಿಲ್ಲವಾದ್ದರಿಂದಲೇ ಯಾರೂ ಕೊಳ್ಳುವುದಿಲ್ಲ. ಸೇಲ್ಸಿನವರು ಈ ಲಿಸ್ಟನ್ನು “ಸೌಮ್ಯಾಳ ಅನಾಥಾಶ್ರಮ” ಅನ್ನುತ್ತಾರೆ.

ಮೇ 8ಕ್ಕೆ ಲೀಡ್ಸ್‌ನಲ್ಲಿ ಊಟ. ಲೀಡ್ಸ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ರೆಸ್ಟೊರೆಂಟುಗಳ ಬೈಯರ್ಸ್ ಬರುತ್ತಾರೆ. ಪೂರ್ತಿ ಸಸ್ಯಾಹಾರ, ನಮ್ಮ ಕಡೆಯ ಅಡುಗೆ — ಅದು ನನ್ನದೇ ಐಡಿಯಾ, ಮೂಗು ಇದ್ದಾಗ ಕೊಟ್ಟಿದ್ದು. ಫಾಬ್ರ್ ತಾವೇ ಬರುತ್ತಾರೆ. ಅವತ್ತು ಆರ್ಡರ್ ಬಂದರೆ ಉಳಿದರು. ಇಲ್ಲದಿದ್ದರೆ ಬೇಸಿಗೆಗೆ ಲಿಸ್ಟಿನಿಂದ ಹೊರಗೆ.

ಪ್ರತಿ ವೈನಿಗೂ ಒಂದು ಕಾರ್ಡ್. ವಾಸನೆ, ರುಚಿ, ಜೊತೆಗಿನ ಊಟ. ಬರೆಯುವವಳು ನಾನು.

ಈಗ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಈ ಲಿಸ್ಟ್ ಯಾರೂ ಮುಟ್ಟುವುದಿಲ್ಲ. ನನ್ನನ್ನೂ.

ಮಾರ್ಚ್ 15, ಶನಿವಾರ

ಚಟ್ನಿಗೆ ಶೇಂಗಾ ಹುರಿಯುತ್ತಿದ್ದೆ. ಸ್ಮೋಕ್ ಅಲಾರಂ ಹೊಡೆಯಿತು. ಅತ್ತೆ ಓಡಿ ಬಂದರು.

“ಮುಂದನ ನಿಂತೀದಿ, ಹೊತ್ತಿದ್ದು ತಿಳೀಲಿಲ್ಲ?”

ಬಾಣಲೆಯಲ್ಲಿ ಎಲ್ಲ ಕರ್ರಗೆ. ಹೇಳಿಬಿಟ್ಟೆ.

“ವಿರೂಪಾಕ್ಷಗ ಗೊತ್ತೈತೇನು?” ಮಗನ ಆಸ್ಪತ್ರೆ ಕೆಲಸದ ಮೇಲೆ ಅವರಿಗೆ ನಂಬಿಕೆ.

“ಗೊತ್ತೈತ್ರಿ. ಕೆಲವ್ರಿಗೆ ವಾಪಸ್ ಬರತೈತಿ, ಕೆಲವ್ರಿಗೆ ಇಲ್ಲ ಅಂದಾರ. ದಿನಾ ಮೂಸು ಅಂತ ನಾಕು ಎಣ್ಣಿ ಬಾಟ್ಲಿ ತಂದು ಕೊಟ್ಟಾರ.”

“ಮೂಸೀದಿ?”

“ಎರಡು ವಾರ. ಆಮೇಲೆ ಬ್ಯಾಸರಾತು.”

ಅತ್ತೆ ಸುಟ್ಟ ಶೇಂಗಾ ಬಿನ್‌ಗೆ ಹಾಕಿದರು. ಹೊಸದು ಸುರಿದರು. ಹುರಿಯುತ್ತಲೇ ಕೇಳಿದರು — ಆಫೀಸಿನವರಿಗೆ ತಿಳಿದರೆ ಏನಾಗುತ್ತದೆ. ಹೇಳಿದೆ. ಮೂಗು ಹೋದರೆ ಆ ಕೆಲಸ ಹೋಯಿತು. ಆ ಫ್ರಾನ್ಸಿನ ಮುದುಕನ ವೈನೂ ಹೋಯಿತು.

“ಬಾಟ್ಲಿ ಮನಿಗೆ ತಾ. ನಾ ಮೂಸತೀನಿ, ನೀ ಬರಕೋ.”

“ಅತ್ತಿ, ನೀವು?”

“ಕುಡಿ ಅಂದ್ರ ಒಲ್ಲೆ. ಮೂಸೂದಕ್ಕೇನೈತಿ? ಓಣ್ಯಾಗ ಹೋಗುಮುಂದ ಪಬ್ಬಿನ ವಾಸನಿ ಬರೂದಿಲ್ಲೇನು? ಮೂಗು ಮುಚಗೊಂಡು ಅಡ್ಯಾಡತೀವೇನು?”

ಮಾರ್ಚ್ 19, ಬುಧವಾರ

ವರ್ಕ್ ಫ್ರಂ ಹೋಂ ಹಾಕಿದೆ. ಅತ್ತೆ ಲಿಂಗಪೂಜೆ, ಊಟ ಎಲ್ಲ ಮುಗಿಸಿ ಅಡುಗೆಮನೆ ಟೇಬಲ್ಲಿಗೆ ಬಂದು ಕೂತರು. ಗ್ಲಾಸಿನ ಅಂಚಿಗೆ ತಗಲುತ್ತದೆಂದು ಚಸ್ಮಾ ತೆಗೆದಿಟ್ಟರು. ಔಷಧಿ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದರು.

ಮೊದಲು ಡ್ರೈ ಮೋಜಾಕ್. ಬಿಳಿ. “ಸೇಬಿನ ಸಿಪ್ಪಿ. ಹೆಚ್ಚಿ ಭಾಳ ಹೊತ್ತು ಇಟ್ಟಿದ್ದು.” ಹಳೆಯ ನೋಟ್ ತೆಗೆದು ನೋಡಿದೆ. ಹೋದ ವರ್ಷ ನಾನೂ ಅದನ್ನೇ ಬರೆದಿದ್ದೆ.

ದ್ಯುರಾಸ್. ಕೆಂಪು. “ಮೆಣಸು. ಈಗ ಜಜ್ಜಿದ್ದು. ಹುರದದ್ದಲ್ಲ.” ಬ್ರೋಕೋಲ್ — “ಹಸಿ ಡೊಣ್ಣಮೆಣಸಿನಕಾಯಿ, ಅದರ ಹಿಂದ ಒಂದು ಹಣ್ಣು. ಆ ಹಣ್ಣು ನಮ್ಮಲ್ಲಿ ಇಲ್ಲ.” ಬ್ಲ್ಯಾಕ್‌ಕರೆಂಟ್ ಜಾಮ್ ತೋರಿಸಿದೆ. “ಇದನ.”

ಲೆನ್ ದ ಲೆಲ್ ಅಂದರೆ ಕಣ್ಣಿನಿಂದ ದೂರ ಅಂತ ಅರ್ಥ ಹೇಳಿದೆ. ಗೊಂಚಲಿನ ತೊಟ್ಟು ಉದ್ದ, ಮೊಗ್ಗಿನ ಕಣ್ಣಿಗೆ ದೂರವಾಗಿ ತೂಗುತ್ತದೆ. ಇದು ಸಿಹಿ ವೈನು. “ಜೇನು ಐತಿ. ಒಣದ್ರಾಕ್ಷಿ ಐತಿ. ಹೋಳಿಗಿಗೆ ನಡೀತೈತಿ, ಆದ್ರ ಶೇಂಗಾ ಹೋಳಿಗಿಗೆ. ಕಡ್ಲಿಬ್ಯಾಳಿದಕ್ಕಲ್ಲ.” ಯಾಕೆ ಅಂದೆ. “ಯಾಕಂದ್ರ ಏನ್ ಹೇಳ್ಲಿ.” ಹಾಗೇ ಬರೆದುಕೊಂಡೆ.

ಎಣ್ಣೆಗಾಯಿಯ ವಿಷಯಕ್ಕೆ ಜಗಳ. ಫಾಬ್ರ್ ಮನೆಯಲ್ಲಿ ಕೆಂಪು ವೈನಿಗೆ ಬೀನ್ಸು, ಬಾತುಕೋಳಿ ಕೊಬ್ಬು ಹಾಕಿ ಗಂಟೆಗಟ್ಟಲೆ ಬೇಯಿಸಿದ ಊಟ. ಕೊಬ್ಬಿನ ಜಾಗಕ್ಕೆ ನಮ್ಮ ಶೇಂಗಾ, ಕುಸುಬಿ ಎಣ್ಣೆ. ಬೀನ್ಸಿನ ಜಾಗಕ್ಕೆ ಮಡಕಿಕಾಳು. ಲೆಕ್ಕ ಸರಿ. ಆದರೆ ಖಾರ ಹೆಚ್ಚಾದರೆ ವೈನಿನ ಒಗರು ಬಾಯಿ ಸುಡುತ್ತದೆ. ಖಾರ ಅರ್ಧ ಮಾಡಬೇಕು ಅಂದೆ.

“ಖಾರ ಇಲ್ಲಂದ್ರ ಅದು ಎಣ್ಣಿಗಾಯಿ ಅಲ್ಲ. ದವಾಖಾನಿ ಪಲ್ಯ.”

ಕೊನೆಗೆ ಮುಕ್ಕಾಲಿಗೆ ಒಪ್ಪಿದರು.

ಮಾರ್ಚ್ 23, ಭಾನುವಾರ

ಉಳಿದದ್ದು ಪ್ರುನೆಲಾರ್. ಫಾಬ್ರ್ ಅವರ ಹೆಮ್ಮೆ. ಒಂದು ಕಾಲಕ್ಕೆ ಹೆಚ್ಚುಕಡಿಮೆ ಕಾಣೆಯಾಗಿದ್ದ ತಳಿ, ಮಾಲ್ಬೆಕ್ ದ್ರಾಕ್ಷಿಗೆ ಅಪ್ಪ. ಇದು ಲಿಸ್ಟಿಗೇ ಹೊಸದು. ಹಳೆಯ ನೋಟ್ ಇಲ್ಲ. ಸ್ಯಾಂಪಲ್ ಒಂದೇ ಬಾಟಲಿ ಕಳಿಸಿದ್ದರು. ಬಿರಡೆ ತೆಗೆದು ಅತ್ತೆಯ ಮುಂದಿಟ್ಟೆ.

ಮೂಸಿದರು. ಇನ್ನೊಮ್ಮೆ ಮೂಸಿದರು. ಗ್ಲಾಸು ಕೆಳಗಿಡಲಿಲ್ಲ.

“ಇದು ನನಗ ಗೊತ್ತು.”

“ಏನ್ರಿ?”

“ನಮ್ಮ ಅಡತಿ ಅಂಗಡಿ ಗೋಡೌನು. ಮಳಿ ಬಿದ್ದಾಗ. ಶೇಂಗಾ ಚೀಲ ತೊಯ್ದು ಗ್ವಾಡಿಗೆ ಹಚ್ಚಿರತಿದ್ರು, ನೋಡು. ಇವರಪ್ಪ ಮನಿಗೆ ಬಂದ್ರ ಧೋತರದಾಗೆಲ್ಲ ಇದ ವಾಸನಿ. ಬಯ್ಯತಿದ್ದೆ. ಹೊರಗ ಕಳದಿಟ್ಟು ಬರ್ರಿ ಅಂತ.”

ಇವರಪ್ಪ ಅಂದರೆ ಮಾವ. ಅಡಿವೆಪ್ಪ ಎಂಬ ಹೆಸರನ್ನು ಅತ್ತೆ ಇವತ್ತಿನವರೆಗೂ ಬಾಯಲ್ಲಿ ಆಡಿಲ್ಲ.

ಆ ಗೋದಾಮು ನಾನೂ ನೋಡಿದ್ದೇನೆ. ಮದುವೆಯಾದ ವರ್ಷದ ಮೊದಲ ಮಳೆ. ಬಾಗಿಲು ತೆರೆದಾಗ ಬಂದ ಆ ತಂಪು. ಈಗ ಗ್ಲಾಸಿಗೆ ಮೂಗಿಟ್ಟರೆ ಏನೂ ಇಲ್ಲ. ಆದರೂ ನೆನಪಾಯಿತು. ಕಾರ್ಡಿಗೆ ಬರೆದೆ — ಮಳೆಗಾಲದ ಧಾನ್ಯದ ಗೋದಾಮು, ತೊಯ್ದ ಗೋಣಿ, ಹಳೆಯ ಮಣ್ಣಿನ ಗೋಡೆ. ಬಹಳ ದಿನದ ಮೇಲೆ ಒಂದು ವಾಕ್ಯ ನಿಜವೆನಿಸಿತು. ನಾಲಿಗೆಗೆ ವೈನು ಸಪ್ಪೆ. ಈಗ ಎಲ್ಲವೂ ಸಪ್ಪೆಯೇ.

ಉಳಿದದ್ದನ್ನು ಸಿಂಕಿಗೆ ಸುರಿಯಲು ಹೋದೆ. “ಇರಲಿ ಬಿಡು” ಎಂದು ಅತ್ತೆಯೇ ಬಿರಡೆ ತುರುಕಿ ಸಿಂಕಿನ ಕೆಳಗೆ, ಬ್ಲೀಚ್ ಡಬ್ಬಿಯ ಹಿಂದೆ ಇಟ್ಟರು. ವಿರೂಪಾಕ್ಷ ಡ್ಯೂಟಿ ಮುಗಿಸಿ ಬಂದವರು ನೋಡಿ ನಕ್ಕರು.

“ನಮ್ಮವ್ವ ಈ ವಯಸ್ಸಿನ್ಯಾಗ ಸ್ಟಾಕ್ ಇಡಾಕ ಹತ್ಯಾಳ.”

ಏಪ್ರಿಲ್ 11, ಶುಕ್ರವಾರ

ಕಾರ್ಡುಗಳು ಪ್ರಿಂಟ್ ಆಗಿ ಬಂದವು. ದಪ್ಪ ಕಾಗದ, ಚೆನ್ನಾಗಿವೆ. ಹೆಲೆನ್ ಪ್ರೂಫನ್ನು ಫೋನಿನಲ್ಲೇ ನೋಡಿ, ಹೆಸರುಗಳ ಸ್ಪೆಲಿಂಗ್ ತಿದ್ದಿ, ಲವ್ಲಿ ಎಂದು ಕಳಿಸಿದ್ದಳು. ಪೂರ್ತಿ ಓದಿದಳೋ ಇಲ್ಲವೋ. ಅಕೌಂಟ್ಸ್ ಆಡಿಟ್ ನಡೆದಿದೆ.

ಸುಸ್ತು. ಊಟ ಅಂದರೆ ಬಿಸಿ, ತಣ್ಣಗೆ, ಉಪ್ಪು. ಅಷ್ಟೇ.

ಮೇ 4, ಭಾನುವಾರ

ಬರ್ಮಿಂಗ್‌ಹ್ಯಾಮ್‌ನಲ್ಲಿ ಬಸವ ಜಯಂತಿ. ವಚನ, ಭಾಷಣ, ಊಟ. ಪಾರ್ಕಿಂಗ್‌ಗೆ ಪರದಾಟ.

ಊಟದ ಸಾಲಿನಲ್ಲಿ ಅತ್ತೆ ಇಬ್ಬರು ಹೆಂಗಸರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. “ನಂದೂ ಈಗ ಆಫೀಸ್ ಕೆಲಸ. ವಾಸನಿ ನೋಡೂದು. ನಾ ಹೇಳಿದ್ದನ್ನ ಕಾರ್ಡಿನ ಮ್ಯಾಲೆ ಛಾಪಿಸ್ಯಾರ.” ಯಾವುದರ ವಾಸನೆ ಎಂದು ಅವರು ಕೇಳಿದರು. “ದ್ರಾಕ್ಷೀದು” ಅಂದರು ಅತ್ತೆ.

ಮೇ 9, ಶುಕ್ರವಾರ

ಲೀಡ್ಸ್ ಹೋಟೆಲ್ ರೂಮು. ನಿನ್ನೆಯದನ್ನು ಆದಂತೆ ಬರೆಯುತ್ತೇನೆ.

ಸ್ಟೇಷನ್ ಹತ್ತಿರದ ಇಟ್ಟಿಗೆಯ ಹಾಲ್. ಐದು ಟೇಬಲ್. ಅಡುಗೆ ಶರಣಮ್ಮನವರದು — ಲೀಡ್ಸ್‌ನಲ್ಲಿ ಕೇಟರಿಂಗ್ ಮಾಡುವ ಬಾಗಲಕೋಟೆಯವರು. ರೊಟ್ಟಿ ಬಡಿಯುವ ಸದ್ದಿಗೆ ಹಾಲ್ ಮ್ಯಾನೇಜರ್ ಓಡಿ ಬಂದು ಏನು ಒಡೆಯುತ್ತಿದೆ ಎಂದು ಕೇಳಿದ. “ನಿನ್ನ ಟೇಬಲ್ಲಲ್ಲಪ್ಪಾ, ನನ್ನ ಕೈ” ಎಂದು ಕನ್ನಡದಲ್ಲೇ ಉತ್ತರ ಕೊಟ್ಟು ಬಡಿಯುತ್ತಾ ಹೋದರು.

ಫಾಬ್ರ್ ಎತ್ತರದ ಮನುಷ್ಯ. ಎಪ್ಪತ್ತು ದಾಟಿರಬಹುದು. ಜೋಳದ ರೊಟ್ಟಿ ಮುರಿದು ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು. ಮೋಜಾಕ್ ಜೊತೆ ಝುಣಕ — ಎಲ್ಲರ ತಟ್ಟೆ ಖಾಲಿ. ದ್ಯುರಾಸ್ ಜೊತೆ ಎಣ್ಣೆಗಾಯಿ — ಬೈಯರ್ಸ್ ಬರೆದುಕೊಳ್ಳತೊಡಗಿದರು. ಹೆಲೆನ್ ದೂರದಿಂದ ಹೆಬ್ಬೆರಳು ತೋರಿಸಿದಳು. ಎಲ್ಲ ನಡೆಯುತ್ತಿತ್ತು.

ನಂತರ ಮಡಕಿಕಾಳು, ಪ್ರುನೆಲಾರ್. ಫಾಬ್ರ್ ನನ್ನ ಪಕ್ಕದಲ್ಲೇ ಕೂತಿದ್ದರು. ಕಾರ್ಡ್ ಕೈಗೆತ್ತಿಕೊಂಡು, ಹೆಸಿಯನ್ ಅಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗೋಣಿಚೀಲ ಎಂದು ವಿವರಿಸಿದೆ. ಒದ್ದೆ ಗೋಣಿಚೀಲ? ಹೌದು ಅಂದೆ. ನಗುತ್ತಲೇ ಅಂದೆ.

ಅವರು ನಗಲಿಲ್ಲ. ಗ್ಲಾಸು ಮೂಸಿದರು. ಮತ್ತೆ ಕಾರ್ಡ್ ಓದಿದರು. ಪಕ್ಕದ ಟೇಬಲ್ಲಿನಿಂದ ಒಬ್ಬ ಮ್ಯಾಂಚೆಸ್ಟರಿನ ಬೈಯರ್ ಜೋರಾಗಿ ಅಂದ — ಕಾರ್ಕ್ ಕೆಟ್ಟಿದೆ ಅಂತ ಮೆನುವಿನಲ್ಲೇ ಪ್ರಿಂಟ್ ಮಾಡುವ ಕಂಪನಿ ಇದೇ ಮೊದಲು ನೋಡಿದ್ದು! ಆ ಟೇಬಲ್ ನಕ್ಕಿತು. ಒಬ್ಬಿಬ್ಬರು ಗ್ಲಾಸು ದೂರ ಸರಿಸಿದರು. ಹೆಲೆನ್ ಕಾರ್ಡ್ ತಿರುಗಿಸಿ ಓದುತ್ತಿದ್ದಳು. ಈಗ ಪೂರ್ತಿ ಓದಿದಳು.

ಆಗ ತಿಳಿಯಿತು.

ಬಿರಡೆಗೆ ಬೂಷ್ಟು ತಗುಲಿ ಕೆಟ್ಟ ಬಾಟಲಿಗೆ ಒಂದು ವಾಸನೆ ಇರುತ್ತದೆ. ಹಣ್ಣನ್ನೆಲ್ಲ ಸಪ್ಪೆ ಮಾಡಿಬಿಡುತ್ತದೆ. ಒದ್ದೆ ರಟ್ಟು, ನೆಲಮಾಳಿಗೆ, ತೊಯ್ದ ಚೀಲ. ಪರೀಕ್ಷೆಗೆ ಓದಿದ್ದೇನೆ. ಹೊಸಬರಿಗೆ ನಾನೇ ಕಲಿಸಿದ್ದೇನೆ. ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ, ರಟ್ಟಿನ ಡಬ್ಬದ ಲೆಕ್ಕದಲ್ಲಿ. ಅತ್ತೆ ನಮ್ಮ ಗೋದಾಮು ಅಂದಾಗ ಅದೂ ಇದೂ ಒಂದೇ ಎಂದು ಹೊಳೆಯಲೇ ಇಲ್ಲ. ಮನೆಗೆ ಬಂದ ಆ ಒಂದು ಬಾಟಲಿ ಕೆಟ್ಟಿತ್ತು. ನಿನ್ನೆ ಟೇಬಲ್ಲಿನ ಮೇಲಿದ್ದವು ಚೆನ್ನಾಗಿದ್ದವು. ಇದ್ದವು ಅಂತ ಫಾಬ್ರ್ ಮುಖ ನೋಡಿ ಗೊತ್ತಾಯಿತು. ನನ್ನ ಗ್ಲಾಸಿನಿಂದ ನನಗೆ ಗೊತ್ತಾಗುವಂತಿರಲಿಲ್ಲ.

ಸುಮ್ಮನಿರಬಹುದಿತ್ತು. ಕಾವ್ಯ ಅಂದುಬಿಡಬಹುದಿತ್ತು. ಆಗ ಆ ಮಾತು ಅವರ ವೈನಿಗೆ ಅಂಟಿಕೊಳ್ಳುತ್ತಿತ್ತು.

ಎದ್ದು ನಿಂತೆ. ನಾಲ್ಕು ಮಾತು. ಜನವರಿಯಿಂದ ನನಗೆ ವಾಸನೆ ಬರುತ್ತಿಲ್ಲ. ಈ ಕಾರ್ಡ್ ಒಂದೇ ಒಂದು ಬಾಟಲಿಯಿಂದ ಬರೆದದ್ದು, ಅದು ಕೆಟ್ಟಿತ್ತು, ನನಗೆ ಗೊತ್ತಾಗಲಿಲ್ಲ. ತಪ್ಪು ನನ್ನದು, ವೈನಿನದಲ್ಲ. ಕಾರ್ಡ್ ಬಿಟ್ಟು ಗ್ಲಾಸು ಮೂಸಿ ನೋಡಿ.

ಒಳಗೆ ರೊಟ್ಟಿ ಬಡಿಯುವ ಸದ್ದು ಮಾತ್ರ. ಆಮೇಲೆ ಒಬ್ಬೊಬ್ಬರಾಗಿ ಗ್ಲಾಸು ಎತ್ತಿದರು. ನಕ್ಕಿದ್ದವನೂ ಎತ್ತಿದ. ಎರಡನೇ ಸಲ ಹಾಕಿಸಿಕೊಂಡ.

ಫಾಬ್ರ್ ನನ್ನ ಕಾರ್ಡನ್ನು ಮಡಿಸಿ ಕೋಟಿನ ಜೇಬಿಗೆ ಇಟ್ಟುಕೊಂಡರು. ಸಿಟ್ಟಿಗೋ, ಬೇರೆ ಯಾವುದಕ್ಕೋ. ಕೇಳುವ ಧೈರ್ಯ ಇರಲಿಲ್ಲ. ಹೆಲೆನ್ ಸೋಮವಾರ ಮಾತಾಡೋಣ ಅಂದಳು.

ಸಂಜೆ, ಮನೆ

“ಉಗುಳಿದಿ ಹೌದಿಲ್ಲೋ?”

“ಹೂಂ ಅತ್ತಿ.”

“ನಾ ಹೇಳಿದ್ದಕ್ಕ ಏನಂದ್ರು?”

“ಎಲ್ಲಾರೂ ಅದನ್ನ ಮಾತಾಡಿದ್ರು.”

ಸುಳ್ಳಲ್ಲ.

ಮೇ 12, ಸೋಮವಾರ

ಹೆಲೆನ್ ಕೂಗಾಡಲಿಲ್ಲ. ಹೇಳಿದ್ದರೆ ರಜೆ ಕೊಡುತ್ತಿದ್ದೆ ಅಂದಳು. ಕೊಡುತ್ತಿದ್ದಳೇನೋ. ನೀನು ಊಹೆ ಬರೆದೆ, ನಾನು ಅದರ ಕೆಳಗೆ ಅಪ್ಪನ ಹೆಸರು ಹಾಕಿದೆ, ಅಂದಳು. ಊಹೆಯಲ್ಲ, ಅತ್ತೆಯ ಮೂಗು ಅನ್ನಲಿಲ್ಲ. ಅವರನ್ನು ಇದರಲ್ಲಿ ಎಳೆಯುವುದಿಲ್ಲ.

ಫಾಬ್ರ್ ಉಳಿದರು. ಆರ್ಡರ್ ಬಂದಿವೆ, ಹೆಚ್ಚಿನವು ಪ್ರುನೆಲಾರ್‌ಗೆ.

ನಾನು ಡಿಸ್ಪ್ಯಾಚ್‌ಗೆ. ಜೂನ್‌ನಿಂದ. ಮೂಗು ಬಂದರೆ ಬಾ, ಆರು ಗ್ಲಾಸು ಇಡುತ್ತೇನೆ, ಕೆಟ್ಟದ್ದು ಯಾವುದು ಹೇಳು, ಆಮೇಲೆ ನೋಡೋಣ — ಹೆಲೆನ್.

ಮೇ 25, ಭಾನುವಾರ

ವಿರೂಪಾಕ್ಷ ಊಟಕ್ಕೆ ಕೂತಾಗ ಲೀಡ್ಸ್‌ನಲ್ಲಿ ಆದದ್ದನ್ನು ಬಾಯಿ ಬಿಟ್ಟುಬಿಟ್ಟರು. ಅವ್ವನಿಗೆ ಗೊತ್ತಿದೆ ಅಂದುಕೊಂಡಿದ್ದರಂತೆ. ಅತ್ತೆ ಅರ್ಧ ರೊಟ್ಟಿ ಬಿಟ್ಟು ಎದ್ದರು. ಮಧ್ಯಾಹ್ನವೆಲ್ಲ ರೂಮಿನ ಬಾಗಿಲು ಹಾಕಿತ್ತು.

ಸಂಜೆ ಚಹಾ ತಂದು ನನ್ನೆದುರು ಕೂತರು.

“ಅದು ಕೆಟ್ಟ ವಾಸನೇನು?”

“ವೈನಿನ್ಯಾಗ ಬರಬಾರದು ಅತ್ತಿ.”

“ಗೋಡೌನಿನ್ಯಾಗ?”

“ಗೋಡೌನಿನ್ಯಾಗ ಬಂದ್ರ ಅಡ್ಡಿಯಿಲ್ಲ.”

“ಹಂಗಾರ ನಾ ತಪ್ಪು ಹೇಳಿಲ್ಲ.”

“ಇಲ್ರಿ.”

“ಬರಕೊಂಡಾಕಿ ನೀ.”

“ಹೌದ್ರಿ.”

ಚಹಾ ಕುಡಿದರು. ಕಪ್ಪು ತೊಳೆಯಲು ಎದ್ದವರು ತಿರುಗಿ ನಿಂತರು. “ಅಷ್ಟು ಮಂದಿ ಮುಂದ ನನ್ನ ಹೆಸರು ಹೇಳಲಿಲ್ಲಲ್ಲ, ಯಾಕ?”

ಉತ್ತರಕ್ಕೆ ಕಾಯದೆ ನಲ್ಲಿ ತಿರುಗಿಸಿದರು.

ಜೂನ್ 2, ಸೋಮವಾರ

ಡಿಸ್ಪ್ಯಾಚ್. ಪ್ಯಾಲೆಟ್, ಪೋಸ್ಟ್‌ಕೋಡ್, ಒಡೆದ ಬಾಟಲಿಯ ಫೋಟೊ. ಉಗುಳುವ ಬಕೆಟ್ ಇಲ್ಲ. ಬೆನ್ನು ನೋವು.

ಮನೆಗೆ ಬಂದರೆ ಬಾಗಿಲಲ್ಲಿ ಅತ್ತೆ ಸುಮ್ಮನೆ ನಿಂತಿದ್ದರು. ಕೇಳಲು ಪ್ರಶ್ನೆಯಿಲ್ಲ. ಇಬ್ಬರಿಗೂ ಅದು ಕಸಿವಿಸಿ.

ಆಮೇಲೆ ಅಡುಗೆಮನೆಗೆ ಕರೆದರು. ನಾಲ್ಕು ಸ್ಟೀಲ್ ಬಟ್ಟಲು. ಇಂಗು, ಮೆಂತ್ಯ, ಹುರಿದ ಗುರೆಳ್ಳು, ಪೂಜೆಯ ವಿಭೂತಿ. “ಕಣ್ಣ ಮುಚ್ಚು. ಮೂಸು. ವಿರೂಪಾಕ್ಷನ ಎಣ್ಣಿ ಬಾಟ್ಲಿ ಬ್ಯಾಸರಾದ್ರ ಇದು ಮಾಡು. ದಿನಾ ಮಾಡಬೇಕು. ನಾ ಪೂಜಿ ಬಿಡತೀನೇನು?”

ಮೂಸಿದೆ. ಏನಿಲ್ಲ, ಏನಿಲ್ಲ, ಏನಿಲ್ಲ, ಏನಿಲ್ಲ.

“ನಾಳೆ” ಅಂದರು.

ಜೂನ್ 21, ಶನಿವಾರ

ಮಧ್ಯೆ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ನಾಲ್ಕು ಬಟ್ಟಲು, ನಾಲ್ಕು ಸಲ ಇಲ್ಲ. ಅತ್ತೆ ದಿನಾ ಬಟ್ಟಲುಗಳ ಜಾಗ ಬದಲಿಸುತ್ತಾರೆ, ನಾನು ಕದ್ದು ನೋಡುತ್ತೇನೆಂದು ಅನುಮಾನ.

ಇವತ್ತು ಮೂರನೆಯದಕ್ಕೆ ಇಂಗು ಅಂದೆ. ಬಾಯಿಗೆ ಬಂತು, ಅಂದೆ. ಇಂಗೇ. ವಾಸನೆಯೋ, ನೆನಪೋ, ಬರೀ ಅದೃಷ್ಟವೋ. ನಾಲ್ಕರಲ್ಲಿ ಒಂದು ಯಾರಾದರೂ ಹೇಳಬಹುದು, ಅಂದೆ.

“ಹಂಗಾರ ನಾಳೆ ಹೆಚ್ಚು ಇಡತೀನಿ” ಅಂದರು ಅತ್ತೆ.

ಜೂನ್ 22, ಭಾನುವಾರ

ಬೆಳಗ್ಗೆ ಸಿಂಕ್ ಒರೆಸಲು ಬ್ಲೀಚ್ ತೆಗೆದೆ. ಅದರ ಹಿಂದೆ ಅತ್ತೆ ಇಟ್ಟಿದ್ದ ಪ್ರುನೆಲಾರ್ ಬಾಟಲಿ ಇಲ್ಲ.

ಈಗ ಅಡುಗೆಮನೆಯಿಂದ ಬಟ್ಟಲುಗಳ ಸದ್ದು. ಎಣಿಸಿದೆ, ಐದು. ವಿರೂಪಾಕ್ಷ ಏನೋ ಕೇಳಿದರು, ಅತ್ತೆ ಗದರಿದರು — “ನೀ ಹೊರಗ ನಡಿ. ಆಕಿಗೆ ಹೇಳಿಗೀಳಿ.”

ಇಷ್ಟು ಹೊತ್ತಿಗೆ ಅದು ವಿನೆಗರ್ ಆಗಿರುತ್ತದೆ. ಆದರೆ ಆ ತೊಯ್ದ ಗೋಣಿಯ ವಾಸನೆ ಹಾಗೆಲ್ಲ ಹೋಗುವಂಥದಲ್ಲ, ಅಡಿಯಲ್ಲಿ ಉಳಿದೇ ಇರುತ್ತದೆ. ಹೆಲೆನ್ ಕೇಳುವುದೂ ಅದನ್ನೇ. ಐದರಲ್ಲಿ ಅದು ಯಾವುದು ಎಂದು ಹೇಳಲು ಬಂದರೆ—

ಕರೆಯುತ್ತಿದ್ದಾರೆ. “ಸೌಮ್ಯಾ, ಬಾ. ಕಣ್ಣ ಅಲ್ಲಿಂದನ ಮುಚಗೊಂಡು ಬಾ.”

ಪೆನ್ನು ಇಡುತ್ತೇನೆ.